ಆಡಿಯೊ, ವಿಡಿಯೊ ಫೈಲ್ ಕನ್ವರ್ಟ್ ಮಾಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಫೋನ್‌ನಲ್ಲಿ ಚೆನ್ನಾಗಿ ಕೇಳಿಸಿದ ಹಾಡು ಕಾರಿನಲ್ಲಿ ಬಾಯಿ ಬಿಡುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿದ್ದ ಸಿನಿಮಾ ಟಿವಿಗೆ ಹಾಕಿದ ಕೂಡಲೇ ಮೂಕಿಯಾಗುತ್ತದೆ. ಇಂಥ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಶುರು ಮಾಡುವುದು "ಯಾವ ಫಾರ್ಮ್ಯಾಟ್ ಬೆಸ್ಟ್?" ಅಂತ. ಅದಕ್ಕೆ ಉತ್ತರವಿಲ್ಲ. "ಯಾವುದರಲ್ಲಿ ಕೇಳುತ್ತೀರಿ?" ಅನ್ನುವುದು ಗೊತ್ತಾದರೆ ಉಳಿದದ್ದು ಸುಲಭ.

ಫೈಲ್ ಹೆಸರಿನ ಕೊನೆಯಲ್ಲಿರುವ ಎಂಪಿ4 ಅಳಿಸಿ ಎಂಪಿ3 ಅಂತ ಬರೆದರೆ ಸಾಕಲ್ವಾ?

ಸಾಲದು. ಉಪ್ಪಿನ ಡಬ್ಬಿಗೆ ಸಕ್ಕರೆ ಅಂತ ಚೀಟಿ ಅಂಟಿಸಿದ ಹಾಗೆ ಅದು. ಒಳಗಿರುವುದು ಬದಲಾಗುವುದಿಲ್ಲ.

ಗೊಂದಲ ಆಗುವುದು ಯಾಕೆಂದರೆ, ಕೆಲವು ಸಲ ಇದು ಕೆಲಸ ಮಾಡಿದ ಹಾಗೆ ಕಾಣುತ್ತದೆ. ವಿಎಲ್‌ಸಿಯಂಥ ಪ್ಲೇಯರ್ ಹೆಸರನ್ನು ನಂಬುವುದಿಲ್ಲ, ಫೈಲ್ ತೆರೆದು ಒಳಗೆ ಏನಿದೆ ಅಂತ ನೋಡಿ ಓಡಿಸುತ್ತದೆ. ಕಾರಿನ ಸ್ಟಿರಿಯೊಗೆ ಅಷ್ಟು ಬುದ್ಧಿ ಇರುವುದಿಲ್ಲ. ಎಂಪಿ3 ಅಂತ ನಂಬಿ ತೆರೆಯುತ್ತದೆ, ಅರ್ಥವಾಗದೆ ಮುಂದಿನ ಹಾಡಿಗೆ ಹಾರುತ್ತದೆ.

ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಎಂಪಿ4, ಎಂಕೆವಿ ಇವೆಲ್ಲ ಹೊರಗಿನ ಪೊಟ್ಟಣ ಮಾತ್ರ. ಒಳಗೆ ಚಿತ್ರ ಒಂದು ಕಡೆ, ಧ್ವನಿ ಒಂದು ಕಡೆ ಇರುತ್ತದೆ. ಆ ಧ್ವನಿಯನ್ನು ಒತ್ತಿ ಚಿಕ್ಕದು ಮಾಡಿದ ವಿಧಾನಕ್ಕೆ ಕೋಡೆಕ್ ಅಂತಾರೆ. ಒಂದೇ ಎಂಕೆವಿ ಒಳಗೆ ಎಎಸಿ ಇರಬಹುದು, ಎಸಿ3 ಇರಬಹುದು, ಡಿಟಿಎಸ್ ಇರಬಹುದು. ಓಡುತ್ತದೋ ಇಲ್ಲವೋ ಅನ್ನುವುದು ಪೊಟ್ಟಣ ಮತ್ತು ಕೋಡೆಕ್ ಎರಡನ್ನೂ ಅವಲಂಬಿಸಿದೆ.

ಸರಿ, ಹಾಗಾದ್ರೆ ಯಾವುದಕ್ಕೆ ಬದಲಾಯಿಸಲಿ?

ಎಲ್ಲಿ ಕೇಳುತ್ತೀರಿ ಅಂತ ನಿಮಗೇ ಖಾತ್ರಿ ಇಲ್ಲದಿದ್ದರೆ ಎಂಪಿ3. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಎಂಜಿನಿಯರ್‌ಗಳು ಮುಖ್ಯವಾಗಿ ರೂಪಿಸಿದ ಫಾರ್ಮ್ಯಾಟ್ ಅದು. ಫೈಲ್‌ಗೆ ಆ ಹೆಸರು ಬಂದದ್ದು 1995ರಲ್ಲಿ. ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ಫಾರ್ಮ್ಯಾಟ್‌ಗಳು ಆಮೇಲೆ ಬೇಕಾದಷ್ಟು ಬಂದಿವೆ. ಆದರೆ ದೇವಸ್ಥಾನದ ಆಂಪ್ಲಿಫೈಯರ್‌ನ ಯುಎಸ್‌ಬಿ ತೂತಿನಿಂದ ಹಿಡಿದು ಬಸ್ಸಿನ ಪ್ಲೇಯರ್‌ವರೆಗೆ ಎಲ್ಲದಕ್ಕೂ ಗೊತ್ತಿರುವುದು ಇದೊಂದೇ. 2017ರಲ್ಲಿ ಫ್ರೌನ್‌ಹೋಫರ್ ಇದರ ಲೈಸೆನ್ಸ್ ವ್ಯವಹಾರವನ್ನು ಮುಗಿಸಿತು. ಈಗ ಯಾವ ಸಾಫ್ಟ್‌ವೇರ್‌ನಲ್ಲಾದರೂ ಪುಕ್ಕಟೆಯಾಗಿ ಎಂಪಿ3 ಮಾಡಬಹುದು.

ಫೋನ್ ಮತ್ತು ಈಚಿನ ಟಿವಿಗೆ ಮಾತ್ರ ಅಂದರೆ ಎಎಸಿ, ಅಂದರೆ ಎಂ4ಎ ಫೈಲ್. ಐಫೋನ್‌ನ ವಾಯ್ಸ್ ಮೆಮೊ ಕೂಡ ಎಂ4ಎ. ಜೋಪಾನವಾಗಿ ತೆಗೆದಿಡಬೇಕಾದ ರೆಕಾರ್ಡಿಂಗ್‌ಗೆ ಫ್ಲ್ಯಾಕ್. ಇದರಲ್ಲಿ ಧ್ವನಿಯ ಒಂದು ಚೂರೂ ಕಳೆದುಹೋಗುವುದಿಲ್ಲ, ಜಾಗ ಮಾತ್ರ ಉಳಿಯುತ್ತದೆ. ಎಡಿಟ್ ಮಾಡುವುದಿದ್ದರೆ ವೇವ್.

ಬಿಟ್‌ರೇಟ್ ಎಷ್ಟು ಇಡಬೇಕು?

ಒಂದು ಸೆಕೆಂಡಿನ ಧ್ವನಿಗೆ ಎಷ್ಟು ಜಾಗ ಕೊಡುತ್ತೀರಿ ಅನ್ನುವುದೇ ಬಿಟ್‌ರೇಟ್. ಅದರ ಅಳತೆ ಕೆಬಿಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಕಿಲೊಬಿಟ್ ಅಂತ. ಸಿಡಿ ಗುಣಮಟ್ಟದ ವೇವ್ ಒಂದು ನಿಮಿಷಕ್ಕೆ ಸುಮಾರು 10 ಎಂಬಿ ತಿನ್ನುತ್ತದೆ. 128 ಕೆಬಿಪಿಎಸ್ ಎಂಪಿ3ಗೆ ಹೆಚ್ಚುಕಡಿಮೆ 1 ಎಂಬಿ ಸಾಕು. 320 ಅಂದರೆ 2.4 ಎಂಬಿ. ಎಂಪಿ3ಯಲ್ಲಿ ಅದಕ್ಕಿಂತ ಮೇಲೆ ಹೋಗಲು ಆಗುವುದಿಲ್ಲ.

ಪ್ರವಚನ, ಭಾಷಣ, ತಾಳಮದ್ದಳೆಯ ಅರ್ಥಗಾರಿಕೆ ಇಂಥ ಮಾತಿಗೆ ಮೋನೊದಲ್ಲಿ, ಅಂದರೆ ಎಡಕ್ಕೂ ಬಲಕ್ಕೂ ಒಂದೇ ಧ್ವನಿ ಇಟ್ಟು, 64 ಸಾಕು. ಮಾತಿಗೆ ಎಡ, ಬಲ ಬೇರೆ ಬೇರೆ ಇರುವ ಸ್ಟಿರಿಯೊ ಇಡುವುದು ಸುಮ್ನೆ ಜಾಗ ದಂಡ. ಹಾಡಿಗೆ 192.

ಯಕ್ಷಗಾನಕ್ಕೆ ಮಾತ್ರ 128ರಲ್ಲಿ ನಿಲ್ಲಬೇಡಿ ಅಂತ ನನ್ನ ಸಲಹೆ. ಕಾರಣ ಚೆಂಡೆ. ಎಂಪಿ3 ಧ್ವನಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದೊಂದು ತುಂಡಿನಲ್ಲೂ ಕಿವಿಗೆ ಕೇಳಿಸದು ಅಂತ ತನಗೆ ಅನ್ನಿಸಿದ್ದನ್ನು ಎಸೆಯುತ್ತದೆ. ಎಸೆದದ್ದರ ಕಲೆ ಆ ತುಂಡಿನ ಉದ್ದಕ್ಕೂ ಹರಡುತ್ತದೆ. ಹಾರ್ಮೋನಿಯಂನ ಶ್ರುತಿ ಹಾಗೇ ಎಳೆದುಕೊಂಡು ಹೋಗುವುದರಿಂದ ಅದರಲ್ಲಿ ಆ ಕಲೆ ಮುಚ್ಚಿಹೋಗುತ್ತದೆ. ಚೆಂಡೆಯ ಪೆಟ್ಟು ಹಾಗಲ್ಲ, ಮೌನದಿಂದ ಒಂದೇ ಏಟಿಗೆ ಎದ್ದು ಬರುತ್ತದೆ. ಆಗ ಪೆಟ್ಟು ಬೀಳುವುದಕ್ಕೆ ಒಂದು ಕ್ಷಣ ಮೊದಲೇ ಶ್ ಅನ್ನುವ ಸದ್ದು ನುಸುಳುತ್ತದೆ, ಪೆಟ್ಟಿನ ಹರಿತ ಹೋಗುತ್ತದೆ. ಹೆಡ್‌ಫೋನ್ ಹಾಕಿಕೊಂಡು ಯುದ್ಧದ ಪದ್ಯದ ನಡುವಿನ ಬಿಡಿ ಪೆಟ್ಟುಗಳನ್ನು ಕೇಳಿ, ಗೊತ್ತಾಗುತ್ತದೆ. 192 ಅಥವಾ 256ಕ್ಕೆ ಏರಿಸಿದರೆ ಇದು ಬಹುಮಟ್ಟಿಗೆ ಮಾಯ.

ಇನ್ನೊಂದು ಮಾತು. ಧ್ವನಿಗೆ ತಕ್ಕ ಹಾಗೆ ಬಿಟ್‌ರೇಟನ್ನು ಹೆಚ್ಚುಕಡಿಮೆ ಮಾಡುವ ವೇರಿಯಬಲ್ ಬಿಟ್‌ರೇಟ್ ಅನ್ನುವ ಆಯ್ಕೆ ಒಳ್ಳೆಯದೇ. ಆದರೆ ಕೆಲವು ಹಳೆಯ ಪ್ಲೇಯರ್‌ಗಳು ಅಂಥ ಫೈಲ್‌ನ ಸಮಯವನ್ನು ತಪ್ಪು ತೋರಿಸುತ್ತವೆ, ಫಾರ್ವರ್ಡ್ ಒತ್ತಿದರೆ ಎಲ್ಲಿಗೋ ಹೋಗುತ್ತವೆ. ಹಳೆ ಮೆಷಿನ್‌ಗಾದರೆ ಕಾನ್‌ಸ್ಟಂಟ್ ಇಡಿ.

ನನ್ನ ಹತ್ತಿರ 128ರ ಎಂಪಿ3 ಇದೆ. 320ಕ್ಕೆ ಕನ್ವರ್ಟ್ ಮಾಡಿದ್ರೆ ಕ್ವಾಲಿಟಿ ಬರುತ್ತಾ?

ಇಲ್ಲ. ಹೋದದ್ದು ಹೋಯಿತು. ಫೈಲ್ ದೊಡ್ಡದಾಗುತ್ತದೆ, ಜೊತೆಗೆ ಇನ್ನೊಂದು ಸಲ ಒತ್ತಿದ್ದರಿಂದ ಇದ್ದದ್ದೂ ಸ್ವಲ್ಪ ಕೆಡುತ್ತದೆ. ಎಂಪಿ3ಯಿಂದ ಎಎಸಿ, ಎಎಸಿಯಿಂದ ಮತ್ತೆ ಎಂಪಿ3 ಅಂತ ಸುತ್ತಿಸುವುದೂ ಅಷ್ಟೇ. ಕನ್ವರ್ಟ್ ಮಾಡುವುದಿದ್ದರೆ ಮೂಲದಿಂದ, ಒಂದೇ ಸಲ.

ವಾಟ್ಸಾಪ್‌ನ ವಾಯ್ಸ್ ಮೆಸೇಜ್ ಬೇರೆ ಕಡೆ ಓಡುವುದಿಲ್ಲ. ಏನು ಮಾಡಲಿ?

ಅದು ಓಪಸ್ ಕೋಡೆಕ್‌ನಲ್ಲಿ ಇರುತ್ತದೆ. 2012ರಲ್ಲಿ ಪಕ್ಕಾ ಆದ ಫಾರ್ಮ್ಯಾಟ್ ಇದು. ಬಹಳ ಕಡಿಮೆ ಜಾಗದಲ್ಲಿ ಮಾತನ್ನು ಸ್ಪಷ್ಟವಾಗಿ ಹಿಡಿಯುತ್ತದೆ. ನೆಟ್‌ವರ್ಕ್ ಸರಿಯಿಲ್ಲದ ಕಡೆಯೂ ಅಜ್ಜಿಯ ದನಿ ಬಂದು ತಲುಪುವುದು ಅದರಿಂದಲೇ. ಆದರೆ ಕಾರಿಗೆ, ಹಳೆ ಪ್ಲೇಯರ್‌ಗೆ ಅದರ ಪರಿಚಯವಿಲ್ಲ.

ಆಂಡ್ರಾಯ್ಡ್ ಫೋನ್‌ನಲ್ಲಿ ವಾಟ್ಸಾಪ್‌ನ ಮೀಡಿಯಾ ಫೋಲ್ಡರ್ ಒಳಗೆ 'ವಾಯ್ಸ್ ನೋಟ್ಸ್' ಅಂತ ಇನ್ನೊಂದು ಫೋಲ್ಡರ್ ಇರುತ್ತದೆ. ಫೈಲ್‌ಗಳು ಅಲ್ಲಿ ಸಿಗುತ್ತವೆ. ಯಾರ ಮೆಸೇಜ್ ಅಂತ ಹೆಸರಿನಲ್ಲಿ ಇರುವುದಿಲ್ಲ, ತಾರೀಕು ನೋಡಿ ಹುಡುಕಬೇಕು. ಅದಕ್ಕಿಂತ ಕಂಪ್ಯೂಟರ್‌ನಲ್ಲಿ ವಾಟ್ಸಾಪ್ ವೆಬ್ ತೆರೆದು ಬೇಕಾದ ಮೆಸೇಜನ್ನು ಡೌನ್‌ಲೋಡ್ ಮಾಡುವುದು ಸಲೀಸು. ಅಲ್ಲಿ ಅದು ಆಗ್ ಅಂದರೆ ಒಜಿಜಿ ಫೈಲ್ ಆಗಿ ಬರುತ್ತದೆ. ಒಳಗಿರುವುದು ಅದೇ ಓಪಸ್. ಆಮೇಲೆ ವಿಎಲ್‌ಸಿಯಲ್ಲಿ ಎಂಪಿ3 ಮಾಡಿಕೊಳ್ಳಿ.

ಇದರ ಜೊತೆಗೇ ಇನ್ನೊಂದು. ಒಳ್ಳೆಯ ರೆಕಾರ್ಡಿಂಗ್ ಇರುವ ವಿಡಿಯೊವನ್ನು ವಾಟ್ಸಾಪ್‌ನಲ್ಲಿ ಕಳಿಸುವಾಗ 'ಡಾಕ್ಯುಮೆಂಟ್' ಅಂತ ಕಳಿಸಿ. ಗ್ಯಾಲರಿಯಿಂದ ಕಳಿಸಿದರೆ ಅದು ಚಿತ್ರ, ಧ್ವನಿ ಎರಡನ್ನೂ ಹಿಂಡಿಬಿಡುತ್ತದೆ. ಮದುವೆಯ ನಾದಸ್ವರ ಡಬ್ಬದೊಳಗಿಂದ ಬಂದ ಹಾಗೆ ಕೇಳುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ವಿಡಿಯೊದಿಂದ ಧ್ವನಿ ಮಾತ್ರ ತೆಗೆಯುವುದು ಹೇಗೆ?

ಎರಡು ದಾರಿ. ಒಂದು, ಎಂಪಿ3 ಮಾಡುವುದು. ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ತೆರೆದು 'ಮೀಡಿಯಾ' ಮೆನುವಿನಲ್ಲಿ 'ಕನ್ವರ್ಟ್/ಸೇವ್' ಒತ್ತಿ. ಫೈಲ್ ಸೇರಿಸಿ. ಪ್ರೊಫೈಲ್ ಪಟ್ಟಿಯಲ್ಲಿ ಕೆಳಗಿರುವ 'ಆಡಿಯೊ - ಎಂಪಿ3' ಆರಿಸಿ. ಪಕ್ಕದ ಸ್ಪ್ಯಾನರ್ ಗುರುತು ಒತ್ತಿದರೆ ಬಿಟ್‌ರೇಟ್ ಬದಲಾಯಿಸಬಹುದು. ಕೊನೆಗೆ ಎಲ್ಲಿ ಸೇವ್ ಆಗಬೇಕು ಅಂತ ಕೇಳುತ್ತದೆ. ಅಲ್ಲಿ ಹೊಸ ಹೆಸರು ಕೊಡಿ, ಕೊನೆಯಲ್ಲಿ ಎಂಪಿ3 ಅಂತಿರಲಿ. ಅಪ್ಪಿತಪ್ಪಿಯೂ ಮೂಲ ಫೈಲನ್ನೇ ತೋರಿಸಬೇಡಿ, ಅದರ ಮೇಲೇ ಬರೆದುಬಿಟ್ಟೀತು. 'ಸ್ಟಾರ್ಟ್' ಒತ್ತಿದ ಮೇಲೆ ಏನೂ ಆಗುತ್ತಿಲ್ಲ ಅನ್ನಿಸಬಹುದು. ಪರದೆಯ ಕೆಳಗಿನ ಪಟ್ಟಿ ನಿಧಾನಕ್ಕೆ ಮುಂದೆ ಹೋಗುತ್ತಿರುತ್ತದೆ, ಅದು ಮುಗಿಯುವವರೆಗೆ ಮುಚ್ಚಬೇಡಿ.

ಎರಡನೆಯ ದಾರಿ ನನಗೆ ಜಾಸ್ತಿ ಇಷ್ಟ. ಫೋನ್‌ನಲ್ಲಿ ತೆಗೆದ ಎಂಪಿ4 ಒಳಗಿನ ಧ್ವನಿ ಸಾಮಾನ್ಯವಾಗಿ ಎಎಸಿ. ಅದನ್ನು ಬಿಚ್ಚಿ ಮತ್ತೆ ಒತ್ತುವ ಬದಲು, ಇದ್ದ ಹಾಗೇ ಹೊರಗೆ ತೆಗೆದು ಎಂ4ಎ ಪೊಟ್ಟಣಕ್ಕೆ ಹಾಕಬಹುದು. ಧ್ವನಿ ಸ್ವಲ್ಪವೂ ಕೆಡುವುದಿಲ್ಲ. ಒಂದು ಗಂಟೆಯ ಕಾರ್ಯಕ್ರಮವೂ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಎವಿಡೆಮಕ್ಸ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ವಿಡಿಯೊ ತೆರೆದು, ಆಡಿಯೊ ಔಟ್‌ಪುಟ್ 'ಕಾಪಿ' ಅಂತಲೇ ಬಿಟ್ಟು, ಆಡಿಯೊ ಮೆನುವಿನಿಂದ ಸೇವ್ ಮಾಡಿ. ಕಮಾಂಡ್ ಬರೆಯಲು ಹೆದರದವರು ನೇರವಾಗಿ ಎಫ್‌ಎಫ್‌ಎಂಪೆಗ್ ಬಳಸಬಹುದು. ಪೇಟೆಯಲ್ಲಿರುವ ಎಷ್ಟೋ ಕನ್ವರ್ಟರ್‌ಗಳ ಹೊಟ್ಟೆಯೊಳಗೆ ಕೆಲಸ ಮಾಡುವುದೂ ಅದೇ.

ಟಿವಿಯಲ್ಲಿ ಚಿತ್ರ ಬರುತ್ತೆ, ಸೌಂಡೇ ಇಲ್ಲ. ಟಿವಿ ಕೆಟ್ಟಿದೆಯಾ?

ಟಿವಿ ಸರಿಯಾಗೇ ಇದೆ. ಫೈಲ್ ಒಳಗಿನ ಧ್ವನಿ ಡಿಟಿಎಸ್ ಅಥವಾ ಡಾಲ್ಬಿಯ ಎಸಿ3, ಇಎಸಿ3 ಇರಬಹುದು. ಇವನ್ನು ಓಡಿಸಲು ಟಿವಿ ಕಂಪನಿ ಲೈಸೆನ್ಸ್ ದುಡ್ಡು ಕಟ್ಟಿರಬೇಕು. ಕಟ್ಟಿಲ್ಲದಿದ್ದರೆ 'ಆಡಿಯೊ ಫಾರ್ಮ್ಯಾಟ್ ನಾಟ್ ಸಪೋರ್ಟೆಡ್' ಅಂತ ಬರೆದು ಸುಮ್ಮನಾಗುತ್ತದೆ. ಆಂಡ್ರಾಯ್ಡ್ ಟಿವಿಯಾದರೆ ವಿಎಲ್‌ಸಿ ಹಾಕಿ ನೋಡಿ, ಬಹಳ ಸಲ ಅಷ್ಟರಲ್ಲೇ ಮುಗಿಯುತ್ತದೆ.

ಆಗದಿದ್ದರೆ ಧ್ವನಿಯನ್ನು ಮಾತ್ರ ಬದಲಾಯಿಸಿ. ಚಿತ್ರವನ್ನು ಮುಟ್ಟಬೇಡಿ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಹ್ಯಾಂಡ್‌ಬ್ರೇಕ್‌ನಂಥ ಸಾಫ್ಟ್‌ವೇರ್ ಒಳ್ಳೆಯದೇ ಆದರೂ ಅದು ಚಿತ್ರವನ್ನೂ ಪೂರ್ತಿ ಹೊಸದಾಗಿ ಮಾಡುತ್ತದೆ. ಹಳೆ ಲ್ಯಾಪ್‌ಟಾಪ್‌ನಲ್ಲಿ ರಾತ್ರಿ ಹಚ್ಚಿಟ್ಟರೆ ಬೆಳಿಗ್ಗೆಯವರೆಗೆ ಫ್ಯಾನ್ ಕೂಗುತ್ತಾ ಇರುತ್ತದೆ. ಎವಿಡೆಮಕ್ಸ್‌ನ ಎಡಗಡೆ ಮೂರು ಪೆಟ್ಟಿಗೆಗಳಿವೆ. ವಿಡಿಯೊಗೆ 'ಕಾಪಿ', ಆಡಿಯೊಗೆ 'ಎಎಸಿ', ಕೊನೆಯದಕ್ಕೆ 'ಎಂಪಿ4' ಅಥವಾ 'ಎಂಕೆವಿ'. ಸೇವ್ ಒತ್ತಿದರೆ ಪೂರ್ತಿ ಸಿನಿಮಾ ಕೂಡ ಕೆಲವು ನಿಮಿಷಗಳ ಕೆಲಸ.

ಎಂಪಿ3 ಮಾಡಿದರೂ ಕಾರಿನಲ್ಲಿ ಓಡುತ್ತಿಲ್ಲ!

ಹಾಗಾದರೆ ತಪ್ಪು ಫೈಲ್‌ನದ್ದಲ್ಲ, ಪೆನ್ ಡ್ರೈವ್‌ನದ್ದು ಇರಬಹುದು. ಬಹಳಷ್ಟು ಕಾರ್ ಸ್ಟಿರಿಯೊಗಳಿಗೆ ಫ್ಯಾಟ್32 (ಡ್ರೈವ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ಒಂದು ಕ್ರಮ) ಆಗಿ ಫಾರ್ಮ್ಯಾಟ್ ಮಾಡಿದ ಡ್ರೈವ್ ಬೇಕು. ಎನ್‌ಟಿಎಫ್‌ಎಸ್, ಎಕ್ಸ್‌ಫ್ಯಾಟ್ ಇದ್ದರೆ 'ನೋ ಫೈಲ್' ಅನ್ನುತ್ತವೆ. ವಿಂಡೋಸ್‌ನ ಮಾಮೂಲಿ ಫಾರ್ಮ್ಯಾಟ್ ಪರದೆಯಲ್ಲಿ 32 ಜಿಬಿಗಿಂತ ದೊಡ್ಡ ಡ್ರೈವ್‌ಗೆ ಫ್ಯಾಟ್32 ಆಯ್ಕೆಯೇ ಸಾಮಾನ್ಯವಾಗಿ ಕಾಣುವುದಿಲ್ಲ. ಆದ್ದರಿಂದ ಕಾರಿಗೆ 32 ಜಿಬಿ ಅಥವಾ 16 ಜಿಬಿಯದ್ದೇ ಇಟ್ಟುಕೊಳ್ಳಿ. 128 ಕೆಬಿಪಿಎಸ್ ಲೆಕ್ಕದಲ್ಲಿ 32 ಜಿಬಿಗೆ 500 ಗಂಟೆಗೂ ಜಾಸ್ತಿ ಹಾಡು ಹಿಡಿಯುತ್ತದೆ. ಬೆಂಗಳೂರಿಂದ ಊರಿಗೆ ಎಷ್ಟು ಸಲ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೂ ಸಾಕು. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಮೊದಲು ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಹಾಡುಗಳು ಹಿಂದೆಮುಂದೆ ಬರುತ್ತಿದ್ದರೆ, ಕೆಲವು ಸ್ಟಿರಿಯೊಗಳು ಹೆಸರಿನ ಕ್ರಮ ನೋಡುವುದಿಲ್ಲ, ಕಾಪಿ ಮಾಡಿದ ಕ್ರಮ ನೋಡುತ್ತವೆ. ಹೆಸರಿನ ಮುಂದೆ 001, 002 ಅಂತ ಹಾಕಿ, ಅದೇ ಕ್ರಮದಲ್ಲಿ ಒಂದೊಂದಾಗಿ ಕಾಪಿ ಮಾಡಿ. ಪ್ರಸಂಗವೊಂದರ ಕೊನೆಯ ಪದ್ಯ ಮೊದಲು ಬಂದರೆ ಯಾರಿಗೆ ಬೇಕು?

ಕನ್ನಡದ ಹೆಸರು ಚೌಕ ಚೌಕ ಡಬ್ಬಿಗಳಾಗಿ ಕಂಡರೆ ಫೈಲ್ ಕೆಟ್ಟಿಲ್ಲ. ಸ್ಟಿರಿಯೊದಲ್ಲಿ ಕನ್ನಡ ಅಕ್ಷರವೇ ಇಲ್ಲ ಅಷ್ಟೆ. ಬೇಸರದ ಸಂಗತಿ, ಆದರೆ ಅಲ್ಲಿಗೆ ಇಂಗ್ಲಿಷ್ ಅಕ್ಷರದಲ್ಲೇ ಬರೆಯಬೇಕು. ಫೈಲ್ ಹೆಸರು ಬದಲಾಯಿಸಿದರೂ ಪರದೆಯಲ್ಲಿ ಡಬ್ಬಿಗಳೇ ಬರುತ್ತಿದ್ದರೆ, ಅದು ಫೈಲ್ ಒಳಗೆ ಹಾಡಿನ ಹೆಸರು ಬರೆದಿಡುವ ಟ್ಯಾಗ್‌ನಿಂದ ಬರುತ್ತಿದೆ. ಎಂಪಿ3ಟ್ಯಾಗ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಅದನ್ನೂ ಬದಲಾಯಿಸಿ.

ಮನೆಯಲ್ಲಿ ಹಳೆ ಕ್ಯಾಸೆಟ್‌ಗಳಿವೆ. ಎಂಪಿ3 ಮಾಡಬಹುದಾ?

ಮಾಡಬಹುದು, ಮಾಡಿ. ಟೇಪ್‌ಗೆ ಬೂಷ್ಟು ಹಿಡಿಯುವ ಮೊದಲು ಮಾಡಿ. ಮಳೆಗಾಲ ಜೋರಿರುವ ಕರಾವಳಿ, ಮಲೆನಾಡಿನಲ್ಲಂತೂ ತಡ ಮಾಡಬೇಡಿ.

ಮೊದಲು ಕ್ಯಾಸೆಟ್ ಪ್ಲೇಯರ್‌ನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಿಂದ ಒರೆಸಿ. ಹತ್ತಿಗೆ ಕಂದು ಬಣ್ಣ ಬರುವುದು ನಿಂತಾಗ ಸಾಕು. ಪ್ಲೇಯರ್‌ನ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರ್‌ನ ಲೈನ್ ಇನ್‌ಗೆ, ಅಂದರೆ ಹೊರಗಿನ ಧ್ವನಿ ಒಳಗೆ ತೆಗೆದುಕೊಳ್ಳುವ ತೂತಿಗೆ, ವೈರ್ ಕೊಡಿ. ಲ್ಯಾಪ್‌ಟಾಪ್‌ಗಳಲ್ಲಿ ಈಗ ಲೈನ್ ಇನ್ ಇರುವುದಿಲ್ಲ. ಇರುವುದು ಮೈಕ್‌ನ ತೂತು, ಅದೂ ಮೋನೊ. ಅದಕ್ಕೆ ಕೊಟ್ಟರೆ ಧ್ವನಿ ಒಡೆಯುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಒಂದನ್ನು ತಂದುಕೊಳ್ಳಿ.

ಅಡಾಸಿಟಿ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿ. ಮೀಟರ್ ಅತಿ ಜೋರಿನ ಕಡೆಯೂ ಮೈನಸ್ 6 ಡೆಸಿಬಲ್ ದಾಟದಂತೆ ವಾಲ್ಯೂಮ್ ಇಡಿ. ಕಡಿಮೆ ಬಂದರೆ ಆಮೇಲೆ ಏರಿಸಬಹುದು, ಒಡೆದುಹೋದದ್ದನ್ನು ಸರಿ ಮಾಡಲು ಆಗುವುದಿಲ್ಲ. ಮುಗಿದ ಮೇಲೆ 'ಸೇವ್ ಪ್ರಾಜೆಕ್ಟ್' ಒತ್ತಿ ನಿಲ್ಲಿಸಬೇಡಿ. ಅದರಿಂದ ಬರುವ ಫೈಲ್ ಅಡಾಸಿಟಿಯಲ್ಲಿ ಬಿಟ್ಟರೆ ಬೇರೆಲ್ಲೂ ತೆರೆಯುವುದಿಲ್ಲ. 'ಎಕ್ಸ್‌ಪೋರ್ಟ್' ಮಾಡಬೇಕು. ಒಂದು ಪ್ರತಿ ಫ್ಲ್ಯಾಕ್‌ನಲ್ಲಿ ತೆಗೆದಿಡಲು, ಇನ್ನೊಂದು ಎಂಪಿ3ಯಲ್ಲಿ ಕೇಳಲು, ಹಂಚಲು.

ರಂಗಸ್ಥಳದ ಹತ್ತಿರ ಕೂತು ಸೆಲ್ ಹಾಕಿದ ಟೇಪ್ ರೆಕಾರ್ಡರ್‌ನಲ್ಲಿ ಹಿಡಿದ ಕ್ಯಾಸೆಟ್ ಆಗಿದ್ದರೆ ಒಂದು ವಿಚಿತ್ರ ನೋಡುತ್ತೀರಿ. ರಾತ್ರಿ ಕಳೆದ ಹಾಗೆ ಭಾಗವತರ ದನಿ ತೆಳುವಾಗುತ್ತಾ, ಓಟ ಜೋರಾಗುತ್ತಾ ಹೋಗುತ್ತದೆ. ಅಂದು ಸೆಲ್ ಸೊರಗಿ ಟೇಪ್ ನಿಧಾನಕ್ಕೆ ಓಡಿದೆ. ಈಗ ಸರಿಯಾದ ವೇಗದಲ್ಲಿ ಹಾಕಿದ್ದರಿಂದ ಎಲ್ಲವೂ ಬೇಗ ಬೇಗ. ಅಡಾಸಿಟಿಯ ಎಫೆಕ್ಟ್ ಮೆನುವಿನಲ್ಲಿ 'ಚೇಂಜ್ ಸ್ಪೀಡ್' ಬಳಸಿ, ಶ್ರುತಿ ಮೊದಲಿನ ಭಾಗಕ್ಕೆ ಹೊಂದುವವರೆಗೆ ಇಳಿಸಿ. 'ಟೆಂಪೊ' ಮುಟ್ಟಬೇಡಿ, ಅದು ಶ್ರುತಿಯನ್ನು ಇದ್ದಲ್ಲೇ ಬಿಡುತ್ತದೆ.

ಇಡೀ ರಾತ್ರಿಯ ಆಟವನ್ನು ಒಂದೇ ವೇವ್ ಫೈಲ್ ಮಾಡಲು ಹೋದರೆ ಆಗುತ್ತಿಲ್ಲ.

ಆಗುವುದಿಲ್ಲ. ಮಾಮೂಲಿ ವೇವ್ ಫೈಲ್ 4 ಜಿಬಿಗಿಂತ ದೊಡ್ಡದಾಗುವಂತಿಲ್ಲ. ಸಿಡಿ ಗುಣಮಟ್ಟದ ಸ್ಟಿರಿಯೊ ಅಂದರೆ ಸುಮಾರು ಆರೂಮುಕ್ಕಾಲು ಗಂಟೆಗೆ ಅಲ್ಲಿಗೆ ಮುಟ್ಟುತ್ತದೆ. ಎಂಟು ಗಂಟೆಯ ಆಟಕ್ಕೆ 5 ಜಿಬಿ ಬೇಕು. ಒಡ್ಡೋಲಗದಿಂದ ಒಂದು ತುಂಡು, ಆಮೇಲೆ ಪ್ರಸಂಗದ ಭಾಗ ನೋಡಿ ಇನ್ನೆರಡು ತುಂಡು ಮಾಡಿ. ಅಥವಾ ಫ್ಲ್ಯಾಕ್ ಬಳಸಿ. 128ರ ಎಂಪಿ3 ಆದರೆ ಅಷ್ಟೂ ಹೊತ್ತಿನದು ಸುಮಾರು 460 ಎಂಬಿಯಲ್ಲಿ ಮುಗಿಯುತ್ತದೆ, ಚೆಂಡೆಯ ಕಥೆ ಮೇಲೆ ಹೇಳಿದ್ದೇನೆ.

ಹಳೆ ಫೋನ್‌ನ ಕಾಲ್ ರೆಕಾರ್ಡಿಂಗ್ ಇದೆ, ಎಎಂಆರ್ ಅಂತ ತೋರಿಸುತ್ತಿದೆ.

ವಿಎಲ್‌ಸಿಯಲ್ಲಿ ಅಥವಾ ಎಫ್‌ಎಫ್‌ಎಂಪೆಗ್ ಸೇರಿಸಿದ ಅಡಾಸಿಟಿಯಲ್ಲಿ ತೆರೆಯುತ್ತದೆ. ಮೋನೊ, 64ರ ಎಂಪಿ3 ಮಾಡಿ. ಅದಕ್ಕಿಂತ ಜಾಸ್ತಿ ಬೇಡ. ಹಳೆಯ ಫೋನ್ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಮಾತ್ರ ಅಳೆದಿರುತ್ತದೆ, ಸಿಡಿಯಲ್ಲಿ ಅದು 44,100. ಅದು ಎಂದೂ ಹಾಡಿನ ಹಾಗೆ ಕೇಳುವುದಿಲ್ಲ. ತೀರಿಕೊಂಡವರ ದನಿ ಅದರಲ್ಲಿದ್ದರೆ ಎಎಂಆರ್ ಫೈಲನ್ನೂ ಹಾಗೇ ಇಟ್ಟುಕೊಳ್ಳಿ, ಕೆಲವು ಕೆಬಿ ಅಷ್ಟೇ ಅಲ್ವಾ.

ಧ್ವನಿ ಎಡಗಡೆ ಮಾತ್ರ ಬರುತ್ತಿದೆ. ಮೈಕ್ ಸೆಟ್‌ನವರು ಫೈಲ್ ಸರಿಯಿಲ್ಲ ಅಂತಾರೆ.

ಮೈಕ್ ಸೆಟ್‌ನವರು ಹೇಳುವುದು ಸರಿ. ಅಡಾಸಿಟಿಯಲ್ಲಿ ಟ್ರ್ಯಾಕ್‌ನ ಮೆನು ತೆರೆದು 'ಸ್ಪ್ಲಿಟ್ ಸ್ಟಿರಿಯೊ ಟು ಮೋನೊ' ಮಾಡಿ, ಖಾಲಿ ಇರುವ ಟ್ರ್ಯಾಕ್ ಅಳಿಸಿ, ಮೋನೊ ಆಗಿ ಎಕ್ಸ್‌ಪೋರ್ಟ್ ಮಾಡಿ. ಹಾರ್ನ್ ಸ್ಪೀಕರ್‌ಗೆ ಹೋಗುವ ಯಾವ ಫೈಲನ್ನಾದರೂ ಮೋನೊ ಮಾಡಿ ಕೊಡುವುದೇ ವಾಸಿ.

ಒಂದು ಹಾಡು ಜೋರು, ಇನ್ನೊಂದು ಮೆಲ್ಲ. ಸಮ ಮಾಡುವುದು ಹೇಗೆ?

ಈಗಾಗಲೇ ಎಂಪಿ3 ಆಗಿರುವುದಕ್ಕೆ ಎಂಪಿ3ಗೇನ್ ಅನ್ನುವ ಸಾಫ್ಟ್‌ವೇರ್. ಅದು ಫೈಲನ್ನು ಮತ್ತೆ ಒತ್ತುವುದಿಲ್ಲ, ಒಳಗಿನ ವಾಲ್ಯೂಮ್ ಅಂಕೆಯನ್ನು 1.5 ಡೆಸಿಬಲ್ ಮೆಟ್ಟಿಲಿನಲ್ಲಿ ಏರಿಸುತ್ತದೆ, ಇಳಿಸುತ್ತದೆ. ಹೊಸದಾಗಿ ಮಾಡುವುದಿದ್ದರೆ ಎಕ್ಸ್‌ಪೋರ್ಟ್‌ಗೆ ಮೊದಲು ಅಡಾಸಿಟಿಯ 'ಲೌಡ್‌ನೆಸ್ ನಾರ್ಮಲೈಸೇಶನ್'.

ಆನ್‌ಲೈನ್ ಕನ್ವರ್ಟರ್‌ಗಳು ಇವೆಯಲ್ಲ, ಅವು ಸುಲಭ ಅಲ್ವಾ?

ಸುಲಭವೇ. ಆದರೆ ನಿಮ್ಮ ಫೈಲ್ ಯಾರದೋ ಕಂಪ್ಯೂಟರ್‌ಗೆ ಹೋಗುತ್ತದೆ ಅನ್ನುವುದು ನೆನಪಿರಲಿ. ಮನೆಯ ಮಾತುಕತೆ, ಆಫೀಸಿನ ಮೀಟಿಂಗ್ ಅಲ್ಲಿಗೆ ಹಾಕಬೇಡಿ. 2025ರ ಮಾರ್ಚ್‌ನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ ಇದರ ಬಗ್ಗೆಯೇ ಎಚ್ಚರಿಸಿತ್ತು. ಕೆಲವು ಕನ್ವರ್ಟರ್‌ಗಳು ಹೇಳಿದ ಕೆಲಸ ಮಾಡಿಕೊಡುತ್ತವೆ, ಆದರೆ ವಾಪಸ್ ಬರುವ ಫೈಲ್ ಜೊತೆ ವೈರಸ್ಸನ್ನೂ ಕಳಿಸುತ್ತವೆ ಅಂತ. 'ಡೌನ್‌ಲೋಡ್' ಅಂತ ನಾಲ್ಕು ಬಟನ್ ಇರುವ ಪುಟ ಕಂಡರೆ ಹಿಂದೆ ಬನ್ನಿ. ಎಂಪಿ3 ಕೇಳಿದ್ದಕ್ಕೆ ಇಎಕ್ಸ್‌ಇ ಫೈಲ್, ಅಂದರೆ ಒಂದು ಪ್ರೋಗ್ರಾಂ, ಬಂದರೆ ತೆರೆಯದೇ ಅಳಿಸಿ.

ಹಾಡಿನ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ್ದನ್ನು ಪೆನ್ ಡ್ರೈವ್‌ಗೆ ಹಾಕಬಹುದಾ?

ಇಲ್ಲ. ಅದಕ್ಕೆ ಬೀಗ ಹಾಕಿರುತ್ತಾರೆ, ಆ ಆ್ಯಪ್ ಬಿಟ್ಟು ಬೇರೆಲ್ಲೂ ತೆರೆಯದು. ನೀವು ಕಟ್ಟಿದ ಚಂದಾ ಕೇಳುವುದಕ್ಕೆ, ಇಟ್ಟುಕೊಳ್ಳುವುದಕ್ಕಲ್ಲ. ಹಳೆ ಹಾಡುಗಳ ಬಗ್ಗೆ ಕೇಳುವವರಿಗೆ: ನಮ್ಮ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಹಕ್ಕು, ಅದು ಹೊರಬಂದ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ. ಸಾಹಿತ್ಯ ಮತ್ತು ಸಂಗೀತದ ಹಕ್ಕು ಬೇರೆ, ಅದರ ಲೆಕ್ಕ ಬರೆದವರ, ರಾಗ ಹಾಕಿದವರ ಆಯುಷ್ಯದ ಮೇಲೆ.

ಫೋನ್‌ನಲ್ಲಿ ತೆಗೆದ ವಿಡಿಯೊ ಎಡಿಟ್ ಮಾಡುವಾಗ ತುಟಿ ಒಂದು ಕಡೆ, ಮಾತು ಒಂದು ಕಡೆ ಆಗುತ್ತಿದೆ.

ಫೋನ್‌ಗಳು ಬೆಳಕು ನೋಡಿಕೊಂಡು ಫ್ರೇಮ್‌ಗಳ ವೇಗವನ್ನು, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದನ್ನು, ಹೆಚ್ಚುಕಡಿಮೆ ಮಾಡುತ್ತವೆ. ಎಡಿಟಿಂಗ್ ಸಾಫ್ಟ್‌ವೇರ್‌ಗೆ ಅದು ಹಿಡಿಸುವುದಿಲ್ಲ. ಮೊದಲು ಹ್ಯಾಂಡ್‌ಬ್ರೇಕ್‌ನಲ್ಲಿ 'ಕಾನ್‌ಸ್ಟಂಟ್ ಫ್ರೇಮ್‌ರೇಟ್' ಆರಿಸಿ ಒಂದು ಪ್ರತಿ ಮಾಡಿಕೊಳ್ಳಿ. ಇಲ್ಲಿ ಮಾತ್ರ ಅದು ತೆಗೆದುಕೊಳ್ಳುವ ಹೊತ್ತು ದಂಡವಲ್ಲ. ಧ್ವನಿಯನ್ನು 48 ಕಿಲೊಹರ್ಟ್ಸ್‌ನಲ್ಲಿ (ಸೆಕೆಂಡಿಗೆ 48,000 ಅಳತೆ) ಇಡಿ, ವಿಡಿಯೊಗಳ ರೂಢಿ ಅದು.

ವಿಕಿಪೀಡಿಯಕ್ಕೆ ನಮ್ಮೂರ ಜನಪದ ಹಾಡು ಸೇರಿಸಬೇಕು. ಎಂ4ಎ ತೆಗೆದುಕೊಳ್ಳುತ್ತಿಲ್ಲ.

ಕನ್ನಡ, ತುಳು ವಿಕಿಪೀಡಿಯಗಳೆರಡೂ ಬಳಸುವ ವಿಕಿಮೀಡಿಯಾ ಕಾಮನ್ಸ್ ಎಂ4ಎ, ಎಂಪಿ4 ಸ್ವೀಕರಿಸುವುದಿಲ್ಲ. ಪೇಟೆಂಟ್ ಹಿಡಿತವಿಲ್ಲದ ಫಾರ್ಮ್ಯಾಟ್ ಬೇಕು ಅನ್ನುವುದು ಅವರ ನಿಯಮ. ಆಗ್, ಓಪಸ್, ಫ್ಲ್ಯಾಕ್, ವೇವ್ ನಡೆಯುತ್ತದೆ. ಪೇಟೆಂಟ್ ಮುಗಿದ ಮೇಲೆ ಎಂಪಿ3ಯೂ ಸೇರಿದೆ. ವಿಡಿಯೊ ಆದರೆ ವೆಬ್‌ಎಂ ಮಾಡಿ. ಫೋನ್‌ನ ರೆಕಾರ್ಡರ್ ಆ್ಯಪ್‌ನಲ್ಲಿ ವೇವ್ ಆಯ್ಕೆ ಇದ್ದರೆ ಹಾಡಿಸುವ ಮೊದಲೇ ಅದನ್ನು ಆರಿಸಿಕೊಳ್ಳಿ, ಕನ್ವರ್ಟ್ ಮಾಡುವ ಕೆಲಸವೇ ಉಳಿಯುವುದಿಲ್ಲ. ಹಾಡಿದವರ ಒಪ್ಪಿಗೆಯನ್ನು ಅಪ್‌ಲೋಡ್‌ಗೆ ಮೊದಲು ಕೇಳಿ. ಊರು ಮತ್ತು ರೆಕಾರ್ಡ್ ಮಾಡಿದ ತಾರೀಕನ್ನು ವಿವರಣೆಯಲ್ಲಿ ಕನ್ನಡದಲ್ಲೇ ಬರೆಯಿರಿ, ಅಲ್ಲಿ ಅಕ್ಷರ ಡಬ್ಬಿಯಾಗುವುದಿಲ್ಲ.